ಒಂದೂವರೆ ಗಂಟೆ ಎಂಗೇಜು

"ಮೊದ್ಲು ಒಂದು ಹುಣ್ಸೆಮರ ಇತ್ತು ನೋಡಿ, ಅಲ್ಲಿ ಎಡಕ್ಕೆ ತಿರುಕ್ಕಳಿ."

"ಈಗ ಇಲ್ವಾ ಮರ?"

"ಕಡ್ದಾಕಿ ಐದಾರು ವರ್ಸ ಆಯ್ತಲ್ಲ."

"ಮತ್ತೆ ನನಗೆ ಹೇಗೆ ಗೊತ್ತಾಗಬೇಕು?"

ಬೈಕಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡಿದ್ದ ಆತ ನನ್ನನ್ನು ಕನಿಕರದಿಂದ ನೋಡಿದ. "ಮರ ಇದ್ದ ಜಾಗ ಅಲ್ಲೇ ಅದಲ್ಲವ್ವ, ಅದೆಲ್ಲೋದಾದು?"

ನಾಗಮಂಗಲ ದಾಟಿದ ಮೇಲೆ ನಾನು ದಾರಿ ತಪ್ಪಿದ್ದು ಅದು ಮೂರನೇ ಸಲ. ಕೈಯಲ್ಲಿದ್ದ ಫೋನಿನ ನಕ್ಷೆ ಯಾರದೋ ರಾಗಿ ಹೊಲದ ನಡುವೆ ನಿಂತುಬಿಟ್ಟಿತ್ತು. ಭಾಷೆಯೇ ಬಾರದ ದೇಶಗಳಲ್ಲಿ ರೂಮು ಹುಡುಕಿಕೊಂಡವಳು ನಾನು. ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಕಳೆದುಹೋಗಿದ್ದು ಅಲ್ಲಿಂದ ಒಂದೂವರೆ ಗಂಟೆ ದೂರದಲ್ಲಿ. ವೈರು, ಸಿಗ್ನಲ್ಲು, ನಾನು, ಮೂವರೂ ಒಂದೆಡೆ ಸೇರಿದರೆ ಇಂಥದ್ದು ಆಗುತ್ತಲೇ ಇರುತ್ತದೆ.

ಈ ಸಲ ವಾಪಸ್ ಹೋಗುವ ಹಾಗಿರಲಿಲ್ಲ. ಒಂದು ಸಾಲ ತೀರಿಸೋದಿತ್ತು. ದುಡ್ಡಿನದಲ್ಲ, ಫೋನಿನದು.

ಹೋದ ತಿಂಗಳು ಅಟ್ಟ ಗುಡಿಸುವಾಗ ನನ್ನ ಹಳೇ ಲ್ಯಾಪ್‌ಟಾಪ್ ಸಿಕ್ಕಿತ್ತು. ಒಂದು ಕಾಲದಲ್ಲಿ ಅದನ್ನು ಹೊತ್ತುಕೊಂಡು ಈ ತಾಲ್ಲೂಕುಗಳನ್ನೆಲ್ಲ ಸುತ್ತಿ, ದೂರದ ಪತ್ರಿಕೆಯೊಂದಕ್ಕೆ ಹೊಳೆ-ನಾಲೆಗಳ ವಿಷಯ ಬರೆಯುತ್ತಿದ್ದೆ. ಯಾರ ಮನೆಯಲ್ಲಿ ಫೋನಿದೆಯೋ ಅಲ್ಲಿಗೆ ನುಗ್ಗುವುದು, ಫೋನಿನ ವೈರು ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚುವುದು. ಒಳಗಿನ ಮೋಡೆಮ್ಮು ತಾನೇ ನಂಬರು ತಿರುಗಿಸಿ, ಕಿರುಚಿ, ಕೆಮ್ಮಿ, ಮನಸ್ಸಿದ್ದರೆ ಇಂಟರ್ನೆಟ್ಟಿಗೆ ಸೇರಿಕೊಳ್ಳುತ್ತಿತ್ತು. ಅಷ್ಟು ಹೊತ್ತೂ ಹೊರಗಿನವರು ಆ ಮನೆಗೆ ಫೋನ್ ಮಾಡಿದರೆ ಎಂಗೇಜು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡಿರಲಿಲ್ಲ.

ಗಂಜಾಂನ ಅರ್ಚಕರು

ಗಂಜಾಂನಲ್ಲಿ ಪರಿಚಯದ ಅರ್ಚಕರೊಬ್ಬರ ಮನೆ. ಹಜಾರದಲ್ಲಿ ಫೋನಿತ್ತು. ಸೇರಿಕೊಂಡ ಎರಡು ನಿಮಿಷಕ್ಕೆ ಸರಿಯಾಗಿ ಲೈನು ಕಡಿಯುತ್ತಿತ್ತು. ವೇಗ ತಗ್ಗಿಸಿದೆ. ವೈರು ಬದಲಾಯಿಸಿದೆ. ಡಯಲ್ ಟೋನಿಗೆ ಕಾಯಬೇಡ ಎಂದು ಸೆಟ್ಟಿಂಗು ತಿದ್ದಿದೆ. ಏಳು ಸಲ ಕಡಿಯಿತು. ಮೋಡೆಮ್ಮೇ ಕೆಟ್ಟಿದೆ ಎಂದು ತೀರ್ಮಾನಿಸಿ ನೀರು ಕೇಳಲು ಒಳಗೆ ಹೋದರೆ, ನಡುಮನೆಯಲ್ಲಿ ಇನ್ನೊಂದು ಫೋನು! ಅದೇ ಲೈನಿನದು. ಅರ್ಚಕರು ರಿಸೀವರು ಕಿವಿಗಿಟ್ಟುಕೊಂಡು ನಿಂತಿದ್ದಾರೆ.

"ಏನ್ ಮಾಡ್ತಿದ್ದೀರಿ?"

"ನೋಡಮ್ಮ, ಪಾಪ ಯಾರೋ ಒಂದೇ ಸಮ ಕಿರುಚ್ತಿದ್ದಾರೆ. ಯಾರು ಬೇಕಾಗಿತ್ತು ಅಂತ ಪ್ರತಿ ಸಲ ಮರ್ಯಾದೆಯಿಂದಲೇ ಕೇಳ್ದೆ. ಉತ್ತರ ಕೊಡದೆ ಇಟ್ಟುಬಿಡ್ತಾರೆ."

ಎಂಟನೇ ಸಲ ವರದಿ ಹೋಯಿತು. ಊಟ ಮಾಡಿಕೊಂಡು ಹೋಗು ಅಂದರು. ಬಸ್ಸಿದೆ ಎಂದು ಓಡಿದೆ. ಮುಂದಿನ ಸಲ ಅಂದುಕೊಂಡೆ. ಮುಂದಿನ ಸಲ ಹೋಗುವಷ್ಟರಲ್ಲಿ ಆ ಮನೆಯಲ್ಲಿ ಫೋನೂ ಇರಲಿಲ್ಲ, ಅವರೂ ಇರಲಿಲ್ಲ. ಅವತ್ತು ಬಾಗಿಲಲ್ಲಿ ಅವರು ಹೇಳಿದ್ದು ಇಷ್ಟೇ: "ನಿಮ್ಮ ಪತ್ರಿಕೆಯೋರಿಗೆ ತಿಳಿಸಮ್ಮ. ಫೋನು ಎತ್ತಿದೋರ ಹತ್ರ ಎರಡು ಮಾತಾಡೋದು ಸಂಸ್ಕಾರ."

ಪಾಂಡವಪುರದ ಪಂಚೆ

ಪಾಂಡವಪುರದ ಹತ್ತಿರ ಒಂದು ಆಲೆಮನೆ. ಬೆಲ್ಲ ಕಾಯಿಸುವ ಯಜಮಾನರು ಫೋನು ಇಟ್ಟಿದ್ದರು. ಅಲ್ಲಿಯ ಲೈನಿನ ಗುಣವೇ ಬೇರೆ. ಬೆಳಿಗ್ಗೆ ಸೇರುತ್ತಲೇ ಇರಲಿಲ್ಲ, ಮಧ್ಯಾಹ್ನದ ಮೇಲೆ ಗಂಗೆಯ ಹಾಗೆ ಹರಿಯುತ್ತಿತ್ತು. ಮೂರು ದಿನ ಪರೀಕ್ಷೆ ಮಾಡಿ, ಬೆಳಿಗ್ಗೆ ಲೈನುಗಳ ಮೇಲೆ ಹೊರೆ ಜಾಸ್ತಿ ಇರಬೇಕು ಎಂದು ಯಜಮಾನರಿಗೆ ವಿವರಿಸಿದೆ.

"ಊಂಕಣವ್ವ, ವೊರೆ ಇರ್ತದೆ" ಎಂದು ಒಪ್ಪಿದರು. ಹೊರಗೆ ಕರೆದು ತೋರಿಸಿದರು. ಕಂಬದಿಂದ ಮಾಡಿಗೆ ಬಂದ ಫೋನಿನ ವೈರಿನ ಮೇಲೆ, ಜಾಯಿಂಟು ಇದ್ದ ಕಡೆಯೇ, ಅವರ ಒದ್ದೆ ಪಂಚೆ ಎರಡು, ಟವೆಲ್ಲು ಒಂದು.

"ಇದನ್ನ ಬೇರೆ ಕಡೆ ಒಣಗಿಸಬಾರದಾ?"

"ಬ್ಯಾರೆ ಕಡೆ ಹಗ್ಗ ಕಟ್ಬೇಕಲ್ಲವ್ವ. ಪಂಚೆ ಒಣಗ್ಲಿ ತಡಿ, ಆಮ್ಯಾಕೆ ನಿನ್ ಕಾಗ್ದ ಓಯ್ತದೆ."

ಒಣಗಿತು. ಹೋಯಿತು. ತಮ್ಮ ಹೆಸರೂ ಪೇಪರಿನಲ್ಲಿ ಹಾಕು ಎಂದು ಯಜಮಾನರು ಕೇಳಿದ್ದರು. ಹಾಕುತ್ತೇನೆ ಅಂದಿದ್ದೆ. ಮರೆತೆ. ಕಂಪನಿ ಕೊಟ್ಟ ದಪ್ಪ ಪುಸ್ತಕದಲ್ಲಿ ಮೋಡೆಮ್ ರಿಪೇರಿಗೆ ನಲವತ್ತು ಉಪಾಯಗಳಿದ್ದವು. ಕೆಲಸಕ್ಕೆ ಬಂದದ್ದು ಬಿಸಿಲೊಂದೇ.

ಬೀದಿಗೆಲ್ಲ ಒಂದೇ ಫೋನು

ಕೆ.ಆರ್. ಪೇಟೆಯಲ್ಲಿ ನಾನು ಇಳಿದುಕೊಂಡಿದ್ದು ಒಬ್ಬ ಟೀಚರಮ್ಮನ ಮನೆಯಲ್ಲಿ. ಆ ಬೀದಿಗೆಲ್ಲ ಇದ್ದದ್ದು ಅವರದೊಂದೇ ಫೋನು. ಬೀದಿಯವರೆಲ್ಲ ನೆಂಟರಿಗೆ ಆ ನಂಬರೇ ಕೊಟ್ಟಿದ್ದರು. ಫೋನು ಬಂದರೆ ಹೊರಗೆ ನಿಂತು ಕೂಗುವುದು, ಅವರು ಕೈ ಒರೆಸಿಕೊಂಡು ಓಡಿ ಬರುವುದು.

ಅವತ್ತು ಟೀಚರಮ್ಮ ಸ್ಕೂಲಿಗೆ ಹೋಗಿದ್ದರು. ನಾನು ವೈರು ಚುಚ್ಚಿಕೊಂಡು ಕೂತಿದ್ದೆ. ಎದುರುಮನೆಯ ಹುಡುಗಿ ಬಂದು ಮೆಟ್ಟಿಲ ಮೇಲೆ ಕೂತಳು. ಆಗ ತಾನೇ ಪಿಯುಸಿ ಮುಗಿಸಿದ್ದಳು.

"ಅಕ್ಕ, ಮೈಸೂರಿಂದ ನಮ್ಮ ಚಿಕ್ಕವ್ವ ಫೋನ್ ಮಾಡ್ತೀನಿ ಅಂದವ್ರೆ. ನರ್ಸಿಂಗ್ ಸೀಟು ಒಂದು ಖಾಲಿ ಆಗ್ಬೋದಂತೆ. ಆಗ್ಲೇ ಊಂ ಅನ್ಬೇಕಂತೆ. ಇನ್ನೆಷ್ಟೊತ್ತಾಯ್ತದೆ?"

"ಐದೇ ನಿಮಿಷ."

ಸುಳ್ಳು ಹೇಳಲಿಲ್ಲ. ಪರದೆಯೂ ಐದು ನಿಮಿಷ ಎಂದೇ ಹೇಳುತ್ತಿತ್ತು. ಆಮೇಲೆ ನಲವತ್ತು ಅಂದಿತು. ಆಮೇಲೆ ಹನ್ನೆರಡು. ತೊಂಬತ್ತೇಳು ಪರ್ಸೆಂಟಿಗೆ ಬಂದು ಕಡಿಯಿತು. ಮೊದಲಿಂದ ಶುರು ಮಾಡಿದೆ. ಹುಡುಗಿ ಕೇಳಿದಾಗಲೆಲ್ಲ "ಐದೇ ನಿಮಿಷ" ಅಂದೆ. ಹೀಗೆ ಒಂದೂವರೆ ಗಂಟೆ. ಅಂಥ ಅರ್ಜೆಂಟು ಏನು ಅಂತೀರಾ? ವರದಿ ಎಂದೋ ಹೋಗಿತ್ತು. ಕಳಿಸುತ್ತಿದ್ದದ್ದು ಕನ್ನಂಬಾಡಿ ಕಟ್ಟೆ ಮುಂದೆ ನಗುತ್ತಾ ನಿಂತಿದ್ದ ನನ್ನದೇ ಫೋಟೋ.

ಸಾಕಾಗಿ ವೈರು ಕಿತ್ತು ಫೋನಿಗೆ ಹಾಕಿದ ಕ್ಷಣವೇ ಗಂಟೆ ಹೊಡೆಯಿತು. ಹುಡುಗಿ ಎತ್ತಿದಳು. ಚಿಕ್ಕವ್ವನ ದನಿ ನನಗೂ ಕೇಳುತ್ತಿತ್ತು: "ಅದ್ಯಾರೇ ಅಷ್ಟೊತ್ತು ಮಾತಾಡ್ದೋರು? ಸೀಟು ಈಗ್ಲೇ ಬ್ಯಾರೇರ್ಗೆ ಕೊಟ್ಬುಟ್ರು!"

ಹುಡುಗಿ ಫೋನಿಟ್ಟಳು. ಬಯ್ಯಲಿಲ್ಲ. "ನಿಮ್ದು ಓಯ್ತಾ ಅಕ್ಕ?" ಅಂದಳು.

ಹೋಗಿರಲಿಲ್ಲ. "ಹೋಯ್ತು" ಅಂದೆ.

"ಸದ್ಯ" ಅಂದಳು.

ಬಾಕಿ

ಅಟ್ಟದಿಂದ ಇಳಿಸಿದ ಲ್ಯಾಪ್‌ಟಾಪ್‌ಗೆ ಕರೆಂಟು ಕೊಟ್ಟರೆ, ಕಳಿಸಬೇಕಾದ ಪತ್ರಗಳ ಪೆಟ್ಟಿಗೆಯಲ್ಲಿ ಅದೇ ಫೋಟೋ. ಇನ್ನೂ ನಗುತ್ತಾ ನಿಂತಿದ್ದೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಟೀಚರಮ್ಮನನ್ನು ಹುಡುಕಿ ಕೇಳಿದೆ. ಹುಡುಗಿಯನ್ನು ನಾಗಮಂಗಲದ ಕಡೆ ಕೊಟ್ಟಿದ್ದಾರೆ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ ಅಂದರು.

ಇಲ್ಲದ ಹುಣಸೆಮರದ ಹತ್ತಿರ ಎಡಕ್ಕೆ ತಿರುಗಿದೆ. ಮನೆ ಸಿಕ್ಕಿತು. ಕೊಟ್ಟಿಗೆಯಿಂದ ಬಂದ ಹೆಂಗಸು ನನ್ನ ಮುಖವನ್ನೇ ನೋಡಿ, "ಐದೇ ನಿಮಿಷದಕ್ಕ ಅಲ್ವಾ?" ಅಂದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಶುರು ಮಾಡಿದೆ. ತಡೆದಳು.

"ತಪ್ಪು ಗಿಪ್ಪು ಆಮ್ಯಾಕೆ. ಹಸ ಬೆದೆಗ್ ಬಂದದೆ. ಇವತ್ತೇ ಡಾಕ್ಟ್ರು ಬಂದು ಸೂಜಿ ಹಾಕಿದ್ರೆ ಗಬ್ಬ ನಿಲ್ತದೆ, ಇಲ್ದಿದ್ರೆ ಇನ್ ಮೂರ್ ವಾರ ಕಾಯ್ಬೇಕು. ಡಾಕ್ಟ್ರು ಹೊಸಬ್ರು. ಫೋನ್ ಒಂದ್ಸಲ ಮಾಡ್ತಾರೆ, ಎತ್ಲಿಲ್ಲ ಅಂದ್ರೆ ಬ್ಯಾರೆ ಊರ್ಗೋಯ್ತಾರೆ. ಸಿಗ್ನಲ್ ಸಿಗಾದು ಕೊಟ್ಗೆ ಎದ್ರುಗಿರೋ ಆ ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಮಾತ್ರ. ಹಸ ಹಗ್ಗ ಕಿತ್ತಾಕ್ತದೆ, ನಾನು ಹಿಡ್ಕೊಂಡಿರ್ಬೇಕು. ನೀವು ಈ ಫೋನ್ ಇಟ್ಕಂಡು ಅಲ್ಲಿ ಕೂತ್ಕಳಿ. ಏಳ್ಬ್ಯಾಡಿ."

ಕೂತೆ. ವಿಮಾನದಲ್ಲಿ ಬೆಲ್ಟು ಕಟ್ಟಿದಾಗ ಬಿಟ್ಟರೆ ನಾನು ಒಂದೇ ಕಡೆ ಅಷ್ಟು ಹೊತ್ತು ಕೂತವಳಲ್ಲ. ಅರ್ಧ ಗಂಟೆಗೆ ನನ್ನ ಫೋನಿಗೂ ಸಿಗ್ನಲ್ ಬಂದು ಬ್ಯಾಗಿನಲ್ಲಿ ಟಿಣಿ ಟಿಣಿ ಅಂದಿತು. ಕೈ ತಾನಾಗಿ ಹೋಯಿತು.

"ಅಕ್ಕಾ! ನಿಮ್ ಕಾಗ್ದ ಆಮ್ಯಾಕ್ ನೋಡ್ಕಳಿ!" ಕೊಟ್ಟಿಗೆಯ ಒಳಗಿಂದ.

ಕೊನೆಗೂ ಅವಳ ಫೋನು ಬಂತು. ಡಾಕ್ಟರೇ. "ದಾರಿ ತಪ್ಪಿದೆ ಮೇಡಂ. ಎಲ್ಲಿ ತಿರುಗಬೇಕು?"

"ಮೊದಲು ಒಂದು ಹುಣಸೆಮರ ಇತ್ತು ನೋಡಿ, ಅಲ್ಲಿ ಎಡಕ್ಕೆ."

"ಈಗ ಇಲ್ವಾ?"

"ಇಲ್ಲ. ಜಾಗ ಅಲ್ಲೇ ಇದೆ."

ಬಂದರು. ಕೆಲಸ ಶುರು ಮಾಡಿದರು. ಕೇಳುವ ಮೊದಲೇ ಇವಳು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಿಂದ ಗ್ಲೌಸು, ಬಿಸಿನೀರು, ಸೋಪು ಒಂದೊಂದಾಗಿ ಮುಂದೆ ಇಡುತ್ತಿದ್ದಳು. ಹಸುವಿನ ಬೆನ್ನು ತಟ್ಟಿ ಸುಮ್ಮನಿರಿಸಿದ್ದೂ ಅವಳೇ. ಡಾಕ್ಟರಿಗೆ ಆಶ್ಚರ್ಯ. "ನೀವು ನರ್ಸ್ ಆಗಿದ್ರಾ?"

"ಇಲ್ಲ ಸಾ" ಅಂದಳು, ನನ್ನ ಕಡೆ ನೋಡದೆ. "ಫೋನ್ ಎಂಗೇಜಿತ್ತು."

ಡಾಕ್ಟರು ಹೋದ ಮೇಲೆ ಕೈ ತೊಳೆದು ಕಟ್ಟೆ ಹತ್ತಿರ ಬಂದಳು. ಫೋನು ಚಾಚಿ ಏಳಹೋದೆ. ಅವಳು ಅದರಲ್ಲೇ ಗಂಟೆ ನೋಡಿದಳು.

"ಒಂದ್ ಗಂಟೆ ಇಪ್ಪತ್ತು ನಿಮಿಷ ಆಯ್ತಕ್ಕ. ಅವತ್ತು ನಾನು ಕೂತಿದ್ದು ಒಂದೂವರೆ. ಇನ್ನತ್ತು ನಿಮಿಷ ಕೂತ್ಬುಡಿ, ಬಾಕಿ ಯಾಕೆ? ಅಷ್ಟ್ರೊಳ್ಗೆ ಕಾಪಿ ಕಾಸ್ತೀನಿ."

ಕೂತೆ.