ಕಲ್ಲಿನಾಥನ ತಲೆಪೆಟ್ಟು

ಎಲ್ಲಕ್ಕೂ ಮೂಲ ಹೊಸ ಬೂಟು. ಮಧ್ಯಾಹ್ನ ಚಿಟಗುಪ್ಪದಲ್ಲಿ ಹೆಣ್ಣು ನೋಡಲು ಹೋಗಬೇಕಾಗಿದ್ದ ಕಲ್ಲಿನಾಥ ಅದನ್ನು ಮೆಟ್ಟಿಕೊಂಡೇ ಕೆಲಸಕ್ಕೆ ಬಂದಿದ್ದ. ಹುಮನಾಬಾದಿನ ಅಂಗವಿಕಲರ ವಸತಿ ಕೇಂದ್ರವೊಂದರಲ್ಲಿ ಅವನು ಸಹಾಯಕ. ಗಾಲಿಕುರ್ಚಿಗಳಿಗೆಂದು ಕಟ್ಟಿದ ಇಳಿಜಾರನ್ನು ಆಗಷ್ಟೇ ತೊಳೆದಿದ್ದರು. ಬೂಟು ಮುಂದೆ ಹೋಯಿತು, ಕಲ್ಲಿನಾಥ ಹಿಂದೆ ಉಳಿದ. ಬೆನ್ನ ಮೇಲೆ ಬಿದ್ದವನು ಬಚ್ಚಲಿನ ಸಾಬೂನಿನಂತೆ ಜಾರುತ್ತ ಅಂಗಳದವರೆಗೂ ಬಂದ.

ಬೇರೆ ದಿನವಾಗಿದ್ದರೆ ಎದ್ದು ಪ್ಯಾಂಟು ಕೊಡವಿಕೊಂಡು ಹೋಗುತ್ತಿದ್ದ. ಆದರೆ ಹಿಂದಿನ ದಿನವಷ್ಟೇ ಬಸವಕಲ್ಯಾಣದಿಂದ ಡಾಕ್ಟರೊಬ್ಬರು ಬಂದು, ಯಾರಾದರೂ ಬಿದ್ದರೆ ಏನು ಮಾಡಬೇಕೆಂದು ಎಲ್ಲರಿಗೂ ತರಬೇತಿ ಕೊಟ್ಟಿದ್ದರು. ಆಗ ಕಲ್ಲಿನಾಥ ಹಿಂದಿನ ಸಾಲಿನಲ್ಲಿ ಹುಡುಗಿಯ ಫೋಟೋ ನೋಡುತ್ತ ಕೂತಿದ್ದ. ಉಳಿದವರು ಮನಸ್ಸಿಟ್ಟು ಕಲಿತು, ಯಾರು ಬೀಳುತ್ತಾರೋ ಎಂದು ಕಾದಿದ್ದರು.

"ಯಾರೂ ಅಲಗಾಡಸಬ್ಯಾಡ್ರಿ," ಎನ್ನುತ್ತ ಉಮಾದೇವಿ ತನ್ನ ಗಾಲಿಕುರ್ಚಿ ಉರುಳಿಸಿಕೊಂಡು ಬಂದಳು. ಕೇಂದ್ರದಲ್ಲಿ ಎಲ್ಲರಿಗಿಂತ ಹಳಬಳಾದ ಅವಳ ಮಾತನ್ನು ಮ್ಯಾನೇಜರ್ ಓಂಪ್ರಕಾಶರೂ ಮೀರುತ್ತಿರಲಿಲ್ಲ. "ಗುರುಲಿಂಗ, ನೀ ತಲಿ ಹಿಡಿ."

ಹೊಲಿಗೆ ಕಲಿಸುವ ಗುರುಲಿಂಗ ಪೋಲಿಯೊ ಕಾಲು ಚಾಚಿ ನೆಲದ ಮೇಲೆ ಕೂತು, ಆ ತಲೆಯನ್ನು ತುಂಬಿದ ಗಡಿಗೆಯಂತೆ ಎರಡೂ ಕೈಯಲ್ಲಿ ಹಿಡಿದ.

"ನನಗೇನೂ ಆಗಿಲ್ಲ, ಅಕ್ಕಾ," ಎಂದ ಕಲ್ಲಿನಾಥ.

ಉಮಾದೇವಿ ಓಂಪ್ರಕಾಶರತ್ತ ತಿರುಗಿದಳು. "ಕೇಳಿದ್ರೇನ್ರಿ ಸರ? ತಲಿಗಿ ಪೆಟ್ಟ ಬಿದ್ದವರು ಮೊದಲ ಇದೇ ಮಾತ ಅಂತಾರಂತ ಡಾಕ್ಟರ್ ನಿನ್ನೇನೇ ಹೇಳ್ಯಾರ."

ಓಂಪ್ರಕಾಶರು ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಹೆರಿಗೆ ಕೇಸಿಗೆ ಹೋಗಿತ್ತು. ಬರುವ ತನಕ ಬಿದ್ದವನನ್ನು ಪ್ರಶ್ನೆ ಕೇಳುತ್ತಿರಬೇಕೆಂಬುದೂ ತರಬೇತಿಯ ಪಾಠವೇ.

"ಕಲ್ಲಿನಾಥ, ಇವತ್ತ ರಜಾ ಯಾಕ ಕೇಳಿದಿ? ನೆನಪದೇನು?"

ಮುಡಬಿ ಊರಿನ ಅತ್ತೆಗೆ ಹುಷಾರಿಲ್ಲವೆಂದು ಸುಳ್ಳು ಹೇಳಿದ್ದ. ಹಿಂದೆ ನಿಜ ಹೇಳಿ ಹೆಣ್ಣು ನೋಡಲು ಹೋದಾಗ, ಕೂಡಿಬರದ ಸಂಬಂಧದ ಬಗ್ಗೆ ಇಡೀ ಕೇಂದ್ರ ತಿಂಗಳುಗಟ್ಟಲೆ ಸಂತಾಪ ಸೂಚಿಸಿತ್ತು. ಆದರೆ ಈಗ ಬಸ್ಸಿನ ಹೊತ್ತಾಗಿತ್ತು.

"ಹೆಣ್ಣ ನೋಡಾಕ ಹೊಂಟೀನ್ರಿ ಸರ, ಚಿಟಗುಪ್ಪಕ್ಕ. ಬಸ್ ತಪ್ತದ, ಬಿಡ್ರಿ."

ಎಲ್ಲರೂ ಮುಖ ಮುಖ ನೋಡಿಕೊಂಡರು.

"ಮುಂಜಾನಿ ಮುಡಬಿ ಅಂದಿದ್ದ," ಓಂಪ್ರಕಾಶರು ದನಿ ತಗ್ಗಿಸಿದರು. "ಅತ್ತಿಗೆ ಆರಾಮಿಲ್ಲ ಅಂದಿದ್ದ."

"ಅತ್ತಿ ಸುಳ್ಳರಿ."

"ಪಾಪ, ಅತ್ತೀನೇ ಮರ್ತಾನ," ಎಂದಳು ಉಮಾದೇವಿ. ಅವನು ಏಳಲು ನೋಡಿದಾಗ ಅಂಗಿಯ ಚುಂಗಿನ ಮೇಲೆ ಗಾಲಿ ಹತ್ತಿಸಿ ಬ್ರೇಕ್ ಹಾಕಿದಳು.

ಅಷ್ಟರಲ್ಲಿ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಗೇಟು ದಾಟಿ ಒಳಗೆ ಬಂದರು. ಯಾರನ್ನೋ ಕೇಂದ್ರಕ್ಕೆ ಸೇರಿಸಲು ಬಂದವರಿರಬೇಕೆಂದು ಅವರಿಗೊಂದು ಕುರ್ಚಿ ಕೊಟ್ಟರು. ಅತ್ತೆಯ ಸುಳ್ಳಿನ ಚರ್ಚೆ ಇನ್ನೂ ನಡೆದೇ ಇತ್ತು; ಅವರು ಅಲ್ಲೇ ಕೂತು ಎಲ್ಲವನ್ನೂ ನೋಡುತ್ತ ಕೇಳುತ್ತ ಇದ್ದರು.

ಚಿಟಗುಪ್ಪದ ಬಸ್ಸು ಹೋದ ಎಷ್ಟೋ ಹೊತ್ತಿನ ಮೇಲೆ ಆಂಬುಲೆನ್ಸ್ ಬಂತು. ನರ್ಸ್ ಕಣ್ಣಿಗೆ ಬ್ಯಾಟರಿ ಬಿಟ್ಟು, ತಲೆ ತಡವಿ ನೋಡಿದಳು.

"ಏನೂ ಆಗಿಲ್ಲ, ಏಳ್ರಿ. ಆದ್ರ ಮಾತು ಅಡ್ಡಾದಿಡ್ಡಿ ಆದ್ರ ತಡಾ ಮಾಡಬ್ಯಾಡ್ರಿ, ದವಾಖಾನಿಗಿ ಒಯ್ಯಬೇಕು."

ಕಲ್ಲಿನಾಥ ಎದ್ದು ಕೂತ. ಹಿರಿಯರು ಹತ್ತಿರ ಬಂದರು.

"ನಾ ಚಿಟಗುಪ್ಪದ ಬಸವಣಪ್ಪ. ಹುಡುಗಿ ತಂದಿ. ನೀವು ಬರೂದ್ರೊಳಗ ಹುಡುಗ ಹ್ಯಾಂಗಂತ ಇಲ್ಲೇ ವಿಚಾರಿಸೋಣಂತ ಬಂದಿದ್ದೆ."

ಕಲ್ಲಿನಾಥನ ಎದೆ ಉಬ್ಬಿತು. ಹೇಳಿದ್ದು ನಿಜವಾಯಿತು, ಬಸ್ಸು ತಪ್ಪಿದರೂ ಸಂಬಂಧವೇ ನಡೆದು ಬಂದಿತ್ತು.

"ವಿಚಾರಿಸೂದು ಬ್ಯಾಡಾತು, ಕಣ್ಣಾರೆ ಕಂಡೆ," ಎಂದರು ಬಸವಣಪ್ಪ. "ಇಷ್ಟೊತ್ತು ಬಿಸಿಲಾಗ ಕೂತ, ಮಾರಿ ಮ್ಯಾಲ ನೊಣ ಕೂತ್ರೂ ನಿಮ್ಮ ತಲಿ ಬಿಡಲಿಲ್ಲ ಆ ಹುಡುಗ. ಅತ್ತಿ ಹೆಸರಲೆ ಸುಳ್ಳ ಹೇಳೋನಲ್ಲ ಅನಸ್ತದ. ಅವನ ಲಗ್ನ ಆಗ್ಯಾದೇನು?"

ಕಲ್ಲಿನಾಥ ಗುರುಲಿಂಗನನ್ನೊಮ್ಮೆ ನೋಡಿದ.

"ಆಗ್ಯಾದ್ರಿ. ಎರಡು ಮಕ್ಕಳವ."

"ಸಿಸ್ಟರ್, ಗಾಡಿ ನಿಲ್ಲಸ್ರಿ," ಎಂದಳು ಉಮಾದೇವಿ. "ಗುರುಲಿಂಗಗ ಹೆಂಡ್ತೀನೇ ಇಲ್ಲ, ಮಕ್ಕಳು ಎಲ್ಲಿಂದ ಬರಬೇಕು? ಇಂವ ಮತ್ತ ಅಡ್ಡಾದಿಡ್ಡಿ ಮಾತಾಡಾಕತ್ತಾನ."

ಸ್ಟ್ರೆಚರಿಗೆ ಬಿಗಿದು ಕಲ್ಲಿನಾಥನನ್ನು ಆಂಬುಲೆನ್ಸಿಗೆ ಹತ್ತಿಸಿದರು. ಬಾಗಿಲು ಮುಚ್ಚುವಾಗ ಬಸವಣಪ್ಪ ಕುರ್ಚಿಯನ್ನು ಗುರುಲಿಂಗನ ಪಕ್ಕಕ್ಕೆ ಎಳೆದುಕೊಂಡು, ಮನೆದೇವರು ಯಾವುದೆಂದು ಕೇಳುತ್ತಿದ್ದರು.