ಅತ್ತಿಯ ಔಷಧಿ ತಗೊಂಡ ಮಾಮಾ

ಹೆಂಡತಿಗೆ ಡಾಕ್ಟರ್ ಹೇಳಿದ ಔಷಧಿ ಗಂಡ ತಗೊಂಡದ್ದು ಎಲ್ಲ್ಯರೆ ಕೇಳೀರೇನ್ರಿ? ನಮ್ಮ ಮಾಮಾ ತಗೊಂಡಾನ! ಈತ ನಮ್ಮವ್ವನ ತಮ್ಮ, ಬನಹಟ್ಟ್ಯಾಗ ಸಾಲಿ ಮಾಸ್ತರಕಿ ಮಾಡಿ ರಿಟೈರ್ ಆದಾಂವ. ಮೈಯಾಗ ಒಂದು ರೋಗ ಇಲ್ಲ. ಹಟ ಮಾತ್ರ ಹುಟ್ಟಿದಾಗಿಂದ ಐತಿ.

ಸಕ್ಕರಿ ರೋಗ ಇದ್ದದ್ದು ಮಾಮಾನ ಹೆಂಡತಿ, ನಮ್ಮ ಅತ್ತಿಗೆ. ಜಮಖಂಡಿ ಡಾಕ್ಟರು ಆಕಿ ಪಾದ ಒತ್ತಿ ನೋಡಿ, "ತಾಯಿ, ಮುಟ್ಟಿದ್ದೂ ಸರಿಯಾಗಿ ಗೊತ್ತಾಗವಲ್ದು ನಿಮಗ. ಗುಳಿಗಿ ಒಂದ ಸಾಲೂದಿಲ್ಲ. ಕಾಲು ಉಳಸ್ಕೋಬೇಕಂದ್ರ ದಿನಾ ಅರ್ಧಾ ತಾಸು ನಡೀರಿ" ಅಂದ್ರು.

ಅತ್ತಿ ಗುಳಿಗಿಗೆ ಒಪ್ಪಿದಳು, ನಡಿಗಿಗೆ ಒಪ್ಪಲಿಲ್ಲ.

"ಸಂತಿಲ್ಲ, ಗುಡಿಲ್ಲ, ಕೈಯಾಗ ಒಂದು ಚೀಲಿಲ್ಲ. ಸುಮ್ಮಸುಮ್ಮನ ರಸ್ತಾದಾಗ ಅಡ್ಡಾಡಿದ್ರ ಮಂದಿ ಏನಂದಾರು? ಈ ಮುದುಕಿಗೆ ಹುಚ್ಚ ಹಿಡದೈತಿ ಅನ್ನೂದಿಲ್ಲೇನು?"

"ಮೊದಲ ನನಗ ಅನ್ನಲಿ. ನಿನ್ನ ಪಾಳಿ ಬರೂದರಾಗ ಅವರಿಗೆ ಬ್ಯಾಸರಾಗಿರತೈತಿ. ನೀ ಬರೂಮಟಾ ನಾ ನಡಿಯಾಂವ!" ಅಂದ ಮಾಮಾ.

ಮರುದಿನ ಮುಂಜಾನೆ ಆರಕ್ಕ ರಬಕವಿ ರಸ್ತಾ ಹಿಡದ. ಆದ್ರ ಬನಹಟ್ಟ್ಯಾಗ ಮಾಸ್ತರ ನಡಿಯೂದು ಅಂದ್ರ ಸಣ್ಣ ಮಾತೇನು? ಅರ್ಧಾ ಊರು ಅವನ ಕಡೆ ಕಲತೈತಿ, ಉಳಿದ ಅರ್ಧಾ ಬರೇ ಹೊಡತಾ ತಿಂದೈತಿ! ಗುರುಗಳು ನಡಕೊಂತ ಹೊಂಟಾಗ ಶಿಷ್ಯಾ ಬೈಕ್ ಮ್ಯಾಲ ಹೆಂಗ ದಾಟಿ ಹೋಗಬೇಕು? "ಹತ್ತರಿ ಸರ್!" ಅಂದ ಒಬ್ಬ. "ಬ್ಯಾಡೋ" ಅಂದ್ರ ಗಾಡಿ ಬಂದ್ ಮಾಡಿ ಇಳದಽ ಬಿಟ್ಟ. "ನನ್ನ ಮ್ಯಾಲ ಸಿಟ್ಟಾಗೀರೇನ್ರಿ ಸರ್?" ಇಂಥಾದಕ್ಕ ಏನ ಹೇಳ್ತೀರಿ? ಮಾಮಾ ಹತ್ತಿದ. ರಬಕವ್ಯಾಗ ಇಳಿದು ತಿರುಗಿ ನಡಿಯಾಕ ಸುರು ಮಾಡಿದ್ರ ಹಿಂದಿಂದ ಮತ್ತೊಬ್ಬ ಶಿಷ್ಯಾ! ಮೊದಲ ದಿನ ನಮ್ಮ ಮಾಮಾ ನಡದದ್ದಕ್ಕಿಂತ ಗಾಡಿ ಹತ್ತಿ ಇಳದದ್ದಽ ಜಾಸ್ತಿ.

ಮೂರನೇ ದಿನ ಒಂದು ರಟ್ಟಿನ ಮ್ಯಾಲ ದಪ್ಪ ಅಕ್ಷರದಾಗ ಬರದು ಬೆನ್ನಿಗೆ ಕಟಗೊಂಡ: "ಬೇಕಂತ ನಡಿಯಾಕತ್ತೇನಿ. ಗಾಡಿ ನಿಲ್ಲಸಬ್ಯಾಡ್ರಿ." ಅದನ್ನ ಓದಾಕ ಎಲ್ಲಾರೂ ಗಾಡಿ ನಿಲ್ಲಿಸಿದ್ರು! ತೇರದಾಳ ಬಸ್ಸಿನ ಡ್ರೈವರ್ ಸೈತ ಬ್ರೇಕ್ ಹಾಕಿ ಓದಿದ. ಮಾಮಾ ಬಿಟ್ಟಾನೇನು? ಮಳಿ ಬಂದ್ರ ಛತ್ರಿ ಹಿಡದು ನಡದ, ಛಳಿ ಬಂದ್ರ ಮಫ್ಲರ್ ಸುತಗೊಂಡು ನಡದ. ಹಿಂಗ ನಾಕು ತಿಂಗಳಾತು. ಅತ್ತಿ ಮಾತ್ರ ಹೊಸ್ತಿಲಾ ದಾಟಲಿಲ್ಲ.

ಸುದ್ದಿ ಮುಧೋಳದ ನಮ್ಮನಿ ಮುಟ್ಟೂದರಾಗ "ಮಾಸ್ತರನ್ನ ಹೆಂಡತಿ ಮನಿ ಬಿಡಿಸಿ ಓಡಿಸ್ಯಾಳ" ಅಂತ ಆಗಿತ್ತು! ನಮ್ಮವ್ವ ಅಳಕೊಂತ ಬಸ್ ಹತ್ತಿದಳು, ಜೋಡಿ ನಾನೂ. ಹೋಗಿ ನೋಡ್ತೀವಿ, ಮಾಮಾ ಪಡಸಾಲ್ಯಾಗ ಕುಂತು ಅತ್ತಿಯ ಅಂಗಾಲು ಬೆಳಕಿಗೆ ಹಿಡದು, ಹುಡುಗರ ಪೇಪರ್ ತಿದ್ದಿದಂಗ, ಎಲ್ಲ್ಯರೆ ಗಾಯ ಆಗೇತೇನು ಅಂತ ನೋಡಾಕತ್ತಾನ.

"ಸಾಕ ಬಿಡೋ ತಮ್ಮಾ, ಮಂದಿ ನಗಾಕತ್ತಾರ," ಅಂದಳು ಅವ್ವ.

"ನಗಲಿ ಅಕ್ಕಾ. ಇಕಿ ಕಾಲು ಹೋದ್ರ ಮಂದಿ ತಂದ ಕೊಡ್ತಾರೇನು?" ಅಂದ. ಅತ್ತಿ ಅವನ ಕೈಯಾಗಿಂದ ಕಾಲು ಎಳಕೊಂಡು ಒಳಗ ಹೋದಳು.

ಮರುದಿನ ಮುಂಜಾನೆ ಮಾಮಾ ರಟ್ಟು ಕಟಗೊಳ್ಳಾಕತ್ತಿದ್ದ. ಅತ್ತಿ ಚಪ್ಪಲಿ ಮೆಟಗೊಂಡು ಹೊರಗ ಬಂದಳು, ಕೈಯಾಗ ಖಾಲಿ ಚೀಲ! ಸಂತಿಗೆ ಹೊಂಟಾಳಂತ ಮಂದಿ ತಿಳಕೊಳ್ಳಲಿ ಅಂತ.

"ಮೊದಲ ಆ ರಟ್ಟು ಬಿಚ್ಚರಿ. ಅದು ಇದ್ರ ನಾ ಬರಾಕಿ ಅಲ್ಲ."

ಮಾಮಾ ರಟ್ಟು ಬಿಚ್ಚಿ ಒಗದ. ನಲವತ್ತು ವರ್ಷದ ಸಂಸಾರದಾಗ ಎಲ್ಲಿ ಹೋದ್ರೂ ತಾ ಮುಂದ, ಆಕಿ ಹಿಂದ. ಬಂದಳೋ ಇಲ್ಲೋ ಅಂತ ತಿರುಗಿ ನೋಡಿದಾಂವ ಅಲ್ಲ. ಅಂಥಾಂವ ಅವತ್ತು ಬಾಗಲದಾಗ ಬಾಜೂಕ ಸರದು ನಿಂತ.

"ನೀ ಮುಂದ ನಡಿ. ನಿನಗ ಎಷ್ಟ ಆಗತೈತಿ ಅಷ್ಟ. ನಾ ಹಿಂದ ಬರತೇನಿ."

ಅತ್ತಿ ಹೆದರಿ ಹೆದರಿ ಹೆಜ್ಜಿ ಇಟ್ಟಳು. ನಾನೂ ಅವ್ವನೂ ಕಟ್ಟಿ ಮ್ಯಾಲ ನಿಂತು ನೋಡಿದ್ವಿ. ಓಣಿ ತಿರುವಿನಾಗ ಆಕಿ ನಿಂತು, ಹಿಂದ ನೋಡದ ಕೇಳಿದಳು:

"ಅದೀರೇನ್ರಿ?"

"ಅದೇನಿ. ನಡಿ."