ನಂದಿಯ ಇನ್ನೊಂದು ಕಿವಿ

ಭವಾನಿ: ಬರೀ ಕಲ್ಲು ಅಂತೀರಿ. ಆ ಕಲ್ಲಿನ ಕಿವೀಲಿ ನಾನೇನು ಹೇಳ್ದೆ ಅಂತ ನಿಮಗ್ಯಾಕ್ರೀ ಬೇಕು?

ರವಿಶಂಕರ್: ನನಗೇನೂ ಬೇಡ. ಇದು ಮ್ಯೂಸಿಯಂ, ದೇವಸ್ಥಾನ ಅಲ್ಲ. ಮಕ್ಕಳಿಗೆ ಕಲೆ ತೋರ್ಸೋಣ ಅಂತ ಭಾನುವಾರದ ನಿದ್ದೆ ಬಿಟ್ಟು ಬಂದ್ರೆ, ನೀನು ಇಲ್ಲೂ ಹರಕೆ ಶುರು ಮಾಡ್ದೆ.

ನುಂಗಂಬಾಕ್ಕಂ ಶಾಖೆಯ ಬ್ಯಾಂಕ್ ಅಧಿಕಾರಿ ರವಿಶಂಕರನಿಗೆ ನಿಜಕ್ಕೂ ಕಲೆಯ ಚಿಂತೆ ಇರಲಿಲ್ಲ. ವರ್ಗಾವಣೆಯ ಪಟ್ಟಿ ಆ ವಾರ ಫ್ಯಾಕ್ಸ್‌ನಲ್ಲಿ ಬರುವುದಿತ್ತು. ದಾವಣಗೆರೆಗೆ ಹಾಕಿಸಿಕೊಳ್ಳುತ್ತೇನೆಂದು ಹೆಂಡತಿಗೆ ಮಾತು ಕೊಟ್ಟ ಪುಣ್ಯಾತ್ಮ, ಇನ್ನೊಂದು ವರ್ಷ ಚೆನ್ನೈಯಲ್ಲೇ ಇರಿಸಿ ಎಂದು ಗುಟ್ಟಾಗಿ ಅರ್ಜಿ ಬರೆದಿದ್ದ. ಈಗ ದೇವರನ್ನೇ ನಂಬದವನಿಗೆ ಸೊಂಟದೆತ್ತರದ ಈ ನಂದಿಯ ಭಯ ಹತ್ತಿತ್ತು.

ರವಿಶಂಕರ್: ಅಲ್ಲ, ಹೇಳೋದು ಹೇಳ್ದೆ, ಆ ಕಡೆ ಕಿವಿ ಯಾಕೆ ಮುಚ್ಚಿದ್ದು?

ಭವಾನಿ: ಮುಚ್ಚದಿದ್ರೆ ಈ ಕಿವೀಲಿ ಹೇಳಿದ್ದು ಆ ಕಿವೀಲಿ ಆಚೆ ಹೋಗುತ್ತೆ. ಅಷ್ಟೂ ಗೊತ್ತಿಲ್ವಾ?

ಕಾವಲುಗಾರ: ಅಮ್ಮಾ, ತೊಡಾದೀಂಗ!

ಭವಾನಿ: ಮುಟ್ಟಲಿಲ್ಲಪ್ಪ, ಮಾತಾಡಿಸ್ದೆ ಅಷ್ಟೆ.

ರವಿಶಂಕರ್: ಮಾನ ಹೋಯ್ತು! ಮೌನಾ, ವರುಣ್, ಇಬ್ರೂ ಇಲ್ಲಿ ಬನ್ನಿ. ಈ ಬೆನ್ನಿನ ರೇಖೆ ನೋಡಿ. ಇದರಲ್ಲಿ ಶಿಲ್ಪಿ ಏನು ಹೇಳೋಕೆ ಹೊರಟಿದಾನೆ?

ವರುಣ್: ಅಪ್ಪಾ, ಪಸಿಕ್ಕುದು.

ರವಿಶಂಕರ್: ಕನ್ನಡದಲ್ಲಿ ಹೇಳೋ!

ವರುಣ್: ಐ ಆ್ಯಮ್ ಹಂಗ್ರಿ.

ಭವಾನಿ ನಗುತ್ತ ಮಕ್ಕಳ ಕೈ ಹಿಡಿದು ಬಾಗಿಲತ್ತ ನಡೆದಳು.

ರವಿಶಂಕರ್: ನಡೀತಿರಿ, ಬಂದೆ. ಕನ್ನಡಕ ಎಲ್ಲೋ ಬಿಟ್ಟೆ.

ಕಾವಲುಗಾರ ಪಕ್ಕದ ಕೋಣೆಗೆ ಹೋಗುವುದನ್ನೇ ಕಾದು ರವಿಶಂಕರ್ ನಂದಿಯ ಮುಂದೆ ಬಗ್ಗಿದ. ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕಿವಿಯ ಬಳಿ ಪಿಸುಗುಟ್ಟಿದ.

ರವಿಶಂಕರ್: ಬಸವಣ್ಣಾ, ಅವಳು ಕೇಳಿದ್ದು ನಡೆಸ್ಬೇಡಪ್ಪ. ದಾವಣಗೆರೆ ಬೇಡ. ಅಲ್ಲಿ ಮಾವ ಸೋಮಲಿಂಗಪ್ಪನೋರು ಬೆಳಿಗ್ಗೆ ಆರಕ್ಕೇ ಬಂದು ನನ್ನ ಪೇಪರ್ ಹಿಡ್ಕೊಂಡು ಕೂತ್ರೆ ಒಂಬತ್ತಾದ್ರೂ ಬಿಡಲ್ಲ. ಗುಟ್ಟಾಗಿ ಅರ್ಜಿ ಬರೆದಿದೀನಿ, ಅದೊಂದು ಪಾಸಾಗ್ಲಿ. ಇನ್ನೊಂದು ವರ್ಷ ಇಲ್ಲೇ ಇಡು.

ನಂದಿಯ ಆ ಬದಿಯಲ್ಲಿ ಬಳೆಯ ಸದ್ದಾಯಿತು. ನೋಡಿದರೆ ಭವಾನಿ ನಿಂತಿದ್ದಳು.

ಭವಾನಿ: ಕನ್ನಡಕ ಮೂಗಿನ ಮೇಲೇ ಇದೆ ಅಂತ ಹೇಳೋಕೆ ಬಂದೆ. ಆ ಕಡೆ ಕಿವಿ ಮುಚ್ಚಬೇಕು ಅಂತ ಆಗ್ಲೇ ಹೇಳಿರ್ಲಿಲ್ವಾ?

ರವಿಶಂಕರ್: ಅದು... ನೀನು ದಾವಣಗೆರೆ ಕೇಳ್ಕೊಂಡ್ಯಲ್ಲ ಅಂತ...

ಭವಾನಿ: ದಾವಣಗೆರೆಗೆ ನೀವೇ ಬರೆದುಕೊಟ್ಟಿದೀರಿ ಅಂತ ನಂಬ್ಕೊಂಡಿದ್ದೆ, ಮತ್ತೆ ದೇವರನ್ನ ಯಾಕೆ ಕೇಳ್ಲಿ? ಮಕ್ಕಳು ಹಸಿದಿದಾವೆ, ಇವರ ಭಾಷಣ ಬೇಗ ಮುಗೀಲಪ್ಪ ಅಂತ ಕೇಳ್ಕೊಂಡೆ.

ನಂದಿ ಅದನ್ನು ಆಗಲೇ ನಡೆಸಿಕೊಟ್ಟಿತ್ತು.

ಭವಾನಿ: ನಡೀರಿ, ಮೊದ್ಲು ಊಟ. ದಾವಣಗೆರೆ ವಿಷಯ ಮನೆಗೆ ಹೋಗಿ ಹೇಳ್ತೀನಿ, ನಿಮ್ಮ ಎರಡೂ ಕಿವಿಗೆ.